ಸುರಪುರದ ಹಳೇ ವಾಡೆಯಲ್ಲಿ ಸಿಕ್ಕ ಒಂದೇ ಗುಂಡಿನ ಬಂದೂಕು: ಇದು ಯಾವುದು, ಮುಂದೇನು ಮಾಡಬೇಕು?

ವಾಡೆಮನಿ (ಪ್ರಶ್ನೆ)

ಎಲ್ಲರಿಗೂ ಶರಣು. ಸುರಪುರ ತಾಲ್ಲೂಕಿನ ಊರಾಗ ನಮ್ಮ ತಾಯಿ ತವರುಮನಿ ವಾಡೆ ಕೆಡವೂ ಮುಂದ ಅಟ್ಟದ ಮ್ಯಾಲ ಗೋಣಿಚೀಲದಾಗ ಸುತ್ತಿದ ಬಂದೂಕು ಸಿಕ್ಕದ. ಕಾಗದಪತ್ರ ಏನೂ ಸಿಕ್ಕಿಲ್ಲ. ಅಳತಿ ಹಿಂಗವ:

ಒಟ್ಟು ಉದ್ದ ಸುಮಾರು 137 ಸೆಂ.ಮೀ. ತೂಕ 4 ಕಿಲೋದ ಆಸುಪಾಸು. ನಳಿಗೆ ಬಾಯಿ 14-15 ಮಿ.ಮೀ. ನಳಿಗೆಗೆ ಮೂರು ಕಬ್ಬಿಣದ ಪಟ್ಟಿ. ಟ್ರಿಗರ್ ಸುತ್ತಿನ ಬಳೆ, ಹಿಂಭಾಗದ ತಗಡು ಎರಡೂ ಹಿತ್ತಾಳಿ. ಬಲಕ್ಕ ದೊಡ್ಡ ಹ್ಯಾಮರ್. ಅದರ ಪ್ಲೇಟ್ ಮ್ಯಾಲ ಹಿಂದಕ್ಕ ಕಿರೀಟ, ಕೆಳಗ ವಿ.ಆರ್., ಮುಂದಕ್ಕ 1858 ಮತ್ತು ಟವರ್ ಅಂತ ಇಂಗ್ಲಿಷ್ ಅಕ್ಷರ. ನಳಿಗೆ ಬುಡದಾಗ ಡಬ್ಬಿ ಮುಚ್ಚಳದಂಗ ಒಂದು ಕಬ್ಬಿಣದ ಗಟ್ಟಿ ಅದ, ಬಲಕ್ಕ ತೆರಕೋತದ, ಆದ್ರ ಅರ್ಧ ಬೆರಳಿನಷ್ಟು ಎದ್ದು ತುಕ್ಕಿಗೆ ಸಿಕ್ಕಿಬಿದ್ದದ.

ಮನ್ಯಾಗ ಹಿರೇರು ಹೇಳೂದು, ಇದು ರಾಜಾ ವೆಂಕಟಪ್ಪ ನಾಯಕರ ಬಂಡಾಯದ ಕಾಲದ್ದು ಅಂತ. 1858 ಅಂತ ಬರದದ್ದರಿಂದ ಎಲ್ಲರೂ ಅದನ್ನ ನಂಬ್ಯಾರ. ಖರೇನಾ? ಇಟ್ಟುಕೊಂಡ್ರ ಲೈಸೆನ್ಸ್ ಬೇಕಾ? ಸ್ವಚ್ಛ ಮಾಡೂದು ಹ್ಯಾಂಗ? ಒಮ್ಮೆ ಹಾರಿಸಿ ನೋಡಬಹುದಾ?

ಮೂರು_ಪಟ್ಟಿ

ನಿಮ್ಮ ಅಳತೆ ಓದಿದರೆ ಇದು ಸ್ನೈಡರ್-ಎನ್‌ಫೀಲ್ಡ್, ಮೂರು ಪಟ್ಟಿಯ ಉದ್ದ ರೈಫಲ್. ಬಾಯಿ ಅಳತೆ .577 ಇಂಚು, ಅಂದರೆ 14.65 ಮಿ.ಮೀ.

ಈಗ 1858ರ ವಿಷಯ. ಪ್ಲೇಟ್ ಮೇಲಿನ ವರ್ಷ ಸುಳ್ಳಲ್ಲ, ಆದರೆ ಅದು ಇಡೀ ಬಂದೂಕಿನ ವರ್ಷವಲ್ಲ. ಬ್ರಿಟಿಷ್ ಸೈನ್ಯದಲ್ಲಿ ಮೊದಲು ಇದ್ದದ್ದು 1853ರ ಮಾದರಿಯ ಎನ್‌ಫೀಲ್ಡ್. ಬಾಯಿಯಿಂದ ಮದ್ದು, ಗುಂಡು ತುಂಬಿ ಗಜದಿಂದ ತುರುಕಿ, ಮೇಲೆ ಕೇಪು (ಹ್ಯಾಮರ್ ಏಟಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಇಟ್ಟು ಹಾರಿಸುವಂಥದ್ದು. 1866ರಲ್ಲಿ ಅಮೆರಿಕದ ಜೇಕಬ್ ಸ್ನೈಡರ್ ಎಂಬಾತನ ವಿನ್ಯಾಸ ಒಪ್ಪಿಕೊಂಡು, ಅದೇ ಹಳೇ ಬಂದೂಕುಗಳ ನಳಿಗೆಯ ಹಿಂಭಾಗ ಎರಡೂವರೆ ಇಂಚು ಕತ್ತರಿಸಿ, ನೀವು ಹೇಳಿದ ಆ ಮುಚ್ಚಳದ ಬ್ರೀಚನ್ನು, ಅಂದರೆ ಹಿಂದಿನಿಂದ ಕಾಡತೂಸು ತುಂಬುವ ಭಾಗವನ್ನು, ಕೂರಿಸಿದರು. ಮರ, ಹಿತ್ತಾಳೆ, ಲಾಕ್ ಪ್ಲೇಟ್ (ಹ್ಯಾಮರ್ ಕೂತ ಆ ಪ್ಲೇಟ್) ಎಲ್ಲ ಹಳೆಯವೇ ಉಳಿದವು. ಹಾಗಾಗಿ ಪ್ಲೇಟ್ 1858ರದ್ದು, ಬ್ರೀಚ್ 1866ರ ನಂತರದ್ದು. ಸುರಪುರದ ಬಂಡಾಯ ನಡೆದದ್ದು 1858ರ ಆರಂಭದಲ್ಲಿ. ಆ ಹೊತ್ತಿಗೆ ಈ ರೂಪದ ಬಂದೂಕು ಭೂಮಿಯ ಮೇಲೆಯೇ ಇರಲಿಲ್ಲ. ಮನೆಯವರಿಗೆ ಬೇಸರವಾಗಬಹುದು, ಆದರೆ ಹಿಂದಿನ ಗಟ್ಟಿ ತೆರೆದುಕೊಳ್ಳುವ ಬಂದೂಕನ್ನು ಆ ಬಂಡಾಯಕ್ಕೆ ಕಟ್ಟಲು ಬರುವುದಿಲ್ಲ.

ಖಚಿತ ಮಾಡಿಕೊಳ್ಳಲು ಇಷ್ಟು ನೋಡಿ. ನಳಿಗೆಯನ್ನು ಬ್ರೀಚಿನ ಮುಂದಿನ ಅಂಚಿನಿಂದ ಬಾಯಿಯವರೆಗೆ ಅಳೆದರೆ 36.5 ಇಂಚು, ಅಂದರೆ 92.7 ಸೆಂ.ಮೀ. ಹತ್ತಿರ ಬರಬೇಕು. ಎರಡೇ ಪಟ್ಟಿ ಇದ್ದು 30.5 ಇಂಚು ಬಂದರೆ ಅದು ಗಿಡ್ಡ ರೈಫಲ್. ಬ್ರೀಚಿನ ಮೇಲೆ ರೋಮನ್ ಅಂಕಿಯ ಎರಡು, ಪಕ್ಕದಲ್ಲಿ ನಕ್ಷತ್ರ ಇದ್ದರೆ ಮಾರ್ಕ್ 2ರ ಗುಂಪು (ಮಾರ್ಕ್ ಅಂದರೆ ತಿದ್ದಿದ ಮಾದರಿಯ ಕ್ರಮಸಂಖ್ಯೆ). ಇದರಲ್ಲಿ ಮುಚ್ಚಳ ನಿಲ್ಲುವುದು ಒಂದು ಪುಟ್ಟ ಸ್ಪ್ರಿಂಗ್ ಗುಬಟು ಮತ್ತು ಮೇಲೆ ಕೂತ ಹ್ಯಾಮರ್ ಭಾರದ ಮೇಲಷ್ಟೇ. ಮುಚ್ಚಳದ ಎಡಬದಿಯಲ್ಲಿ ಹೆಬ್ಬೆರಳಿಗೆ ಒತ್ತುವ ಗುಂಡಿ ಇದ್ದರೆ ಮಾರ್ಕ್ 3. ಕಾಡತೂಸು ಒಡೆದಾಗ ಮುಚ್ಚಳ ಹಾರಿ ತೆರೆಯಬಾರದೆಂದು ಹಾಕಿದ ಚಿಲಕ ಅದು. ಮಾರ್ಕ್ 3 ಉಕ್ಕಿನ ನಳಿಗೆಯದು, ಹಿಂದಿನ ಪರಿವರ್ತಿತ ಬಂದೂಕುಗಳದು ಮೆತು ಕಬ್ಬಿಣ.

ನಳಿಗೆಯೊಳಗಿನ ರೈಫ್ಲಿಂಗ್, ಅಂದರೆ ಗುಂಡು ತಿರುಗುವಂತೆ ಕೊರೆದ ಸುರುಳಿ ಕಾಲುವೆ, ಹೊಸಬರನ್ನು ಹೆಚ್ಚು ಮೋಸ ಮಾಡುತ್ತದೆ. ಉದ್ದ ರೈಫಲ್‌ನಲ್ಲಿ ಮೂರೇ ಕಾಲುವೆ, ಅಗಲವಾಗಿ, ಆಳವಿಲ್ಲದೆ ಇರುತ್ತವೆ, 78 ಇಂಚಿಗೆ ಒಂದು ಸುತ್ತು. ತುಕ್ಕು ಕೂತರೆ ನುಣುಪು ನಳಿಗೆ ಅನ್ನಿಸಿಬಿಡುತ್ತದೆ. 1857ರ ನಂತರ ಭಾರತೀಯ ಸಿಪಾಯಿಗಳಿಗೆ ರೈಫ್ಲಿಂಗ್ ಇಲ್ಲದ ಎನ್‌ಫೀಲ್ಡ್ ಮಾದರಿ ಕೊಟ್ಟದ್ದೂ ಉಂಟು, ಪೊಲೀಸರಿಗೆ ನುಣುಪು ನಳಿಗೆಯ ಸ್ನೈಡರ್ ಕೊಟ್ಟದ್ದೂ ಉಂಟು. ಅದಕ್ಕೇ ಬರಿಗಣ್ಣಿನ ಮೇಲೆ ತೀರ್ಮಾನ ಬೇಡ, ಬಾಯಿ ಅಂಚಿನಲ್ಲಿ ಓರೆ ಬೆಳಕು ಬಿಟ್ಟು ನೋಡಬೇಕು.

ನಕಲಿಯ ಮಾತೂ ಇದೆ. ವಾಯವ್ಯ ಗಡಿಯ ಖೈಬರ್ ಕಡೆ ಕೈಯಿಂದ ಮಾಡಿದ ಪ್ರತಿಗಳಲ್ಲಿ ಎನ್‌ಫೀಲ್ಡ್ ಪದದ ಇಂಗ್ಲಿಷ್ ಎನ್ ಅಕ್ಷರ ತಿರುವುಮುರುವು, ಕಿರೀಟ ಸೊಟ್ಟ. ವಿಕ್ಟೋರಿಯಾ ರಾಣಿ ತೀರಿದ್ದು 1901ರ ಜನವರಿಯಲ್ಲಿ, ಆಮೇಲಿನ ವರ್ಷದ ಪಕ್ಕ ಆಕೆಯ ಹೆಸರಿನ ಗುರುತಾದ ವಿ.ಆರ್. ಕಂಡರೆ ಅನುಮಾನಕ್ಕೆ ಅಷ್ಟು ಸಾಕು. ನಿಮ್ಮದರಲ್ಲಿ ಹಾಗೇನೂ ಕಾಣುತ್ತಿಲ್ಲ.

ಕೊಡೇಕಲ್

ಎಲ್ಲಕ್ಕೂ ಮೊದಲ ಒಂದು ಮಾತು. ಅದರಾಗ ಬಾರು ಇರಬಹುದು. ಅಟ್ಟದ ಮ್ಯಾಲಿನ ಬಂದೂಕು ಖಾಲಿ ಅಂತ ಯಾರೂ ಹೇಳಾಕ ಬರಂಗಿಲ್ಲ. ಕರಿಮದ್ದು ಒಣಗಿದ್ರ ನೂರು ವರ್ಷದ ಮ್ಯಾಲೂ ಹೊತ್ತತದ.

ಮುಚ್ಚಳ ಬಿಚ್ಚಾಕ ಸುತ್ತಿಗಿ ಹಾಕಬ್ಯಾಡ್ರಿ. 10-12 ಮಿ.ಮೀ. ದಪ್ಪದ ಕಟಿಗಿ ಕೋಲು ಅಥವಾ ಬಿದಿರು ತೊಗೊಂಡು, ಬಾಯಿ ಮುಂದ ನಿಂದ್ರದ ಬಾಜೂಕ ನಿಂತು ಮೆಲ್ಲಕ ಒಳಗ ಬಿಡ್ರಿ. ಕಬ್ಬಿಣದ ಸಳಿ ಬ್ಯಾಡ. ಬಾಯಿ ಹತ್ರ ಗುರುತು ಹಾಕಿ ಕೋಲು ಹೊರಗ ತಗದು ನಳಿಗೆ ಮ್ಯಾಲ ಇಟ್ಟು ನೋಡ್ರಿ. ತುದಿ ಮುಚ್ಚಳದ ಮುಂದಿನ ಮುಖಕ್ಕ ಬರಾಬರ್ ಮುಟ್ಟಬೇಕು. 6 ಸೆಂ.ಮೀ. ಆಸುಪಾಸು ಕಡಿಮಿ ಬಂದ್ರ ಒಳಗ ಕಾಡತೂಸು ಇರೂ ಸಾಧ್ಯತಿ ಅದ. ನಡುವ ಎಲ್ಲರ ನಿಂತ್ರ ಗುಂಡು ಸಿಕ್ಕಿರಬಹುದು, ಇಲ್ಲ ಕಣಜದ ಹುಳ ಮಣ್ಣು ಕಟ್ಟಿರಬಹುದು. ಎರಡರಾಗ ಯಾವುದು ಅಂತ ಕೆದರಿ ನೋಡೂ ಕೆಲಸ ನಿಮ್ಮದಲ್ಲ. ಕೋಲು ತಗದು ಬಾಯಿ ಬಯಲಿನ ಕಡಿ ಮಾಡಿ ಇಟ್ಟು ಠಾಣಾಕ್ಕ ಫೋನ್ ಮಾಡ್ರಿ.

ಕಡತ_ಯಾದಗಿರಿ

ಲೈಸೆನ್ಸ್ ವಿಷಯದಲ್ಲಿ ತಪ್ಪು ನಂಬಿಕೆ ಬಹಳ ಇದೆ. "ನೂರು ವರ್ಷ ದಾಟಿದರೆ ಆಂಟಿಕ್, ಲೈಸೆನ್ಸ್ ಬೇಡ" ಎನ್ನುವುದು ನಮ್ಮ ದೇಶದ ಕಾನೂನಲ್ಲ. ಅಮೆರಿಕದಲ್ಲಿ 1898ರವರೆಗೆ ತಯಾರಾದದ್ದನ್ನು ಅಲ್ಲಿನ ಕೇಂದ್ರ ಕಾನೂನು ಆಂಟಿಕ್ ಎನ್ನುತ್ತದೆ, ಜನ ಅದನ್ನು ವಿಡಿಯೋದಲ್ಲಿ ನೋಡಿ ಇಲ್ಲಿಗೆ ತರುತ್ತಾರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 45(ಸಿ) ಕಲಮು ವಿನಾಯಿತಿ ಕೊಡುವುದು ಹಳೇ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ, ಆದರೆ ಅದು ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿರಬೇಕು. ಆ "ದುರಸ್ತಿ ಮಾಡಿದರೂ" ಎಂಬಲ್ಲೇ ಎಲ್ಲ ನಿಂತಿದೆ. ತುಕ್ಕಿಗೆ ಸಿಕ್ಕಿಬಿದ್ದ ಮುಚ್ಚಳ ಎಣ್ಣೆ ಬಿಟ್ಟರೆ ಬಿಡಿಸಿಕೊಳ್ಳುತ್ತದೆ, ಅಂದಮೇಲೆ ನಿಮ್ಮದು ತಾನಾಗಿ ವಿನಾಯಿತಿಯೊಳಗೆ ಬರುವುದಿಲ್ಲ. ಅದನ್ನು ಪರೀಕ್ಷಿಸಿ ಹೇಳಬೇಕಾದವರು ಪೊಲೀಸ್ ಇಲಾಖೆಯ ಆರ್ಮರರ್ (ಆಯುಧಗಳ ಮಿಸ್ತ್ರಿ) ಅಥವಾ ವಿಧಿವಿಜ್ಞಾನ ಪ್ರಯೋಗಾಲಯದವರು, ನೀವಲ್ಲ, ನಾನೂ ಅಲ್ಲ.

ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 25ನೇ ಕಲಮು ಬೀಳುತ್ತದೆ, 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷ ಜೈಲು. ಆದ್ದರಿಂದ ಕ್ರಮ ಹೀಗಿರಲಿ.

ಮೊದಲು ಸಿಕ್ಕ ಸ್ಥಿತಿಯಲ್ಲೇ ಫೋಟೋ: ಎರಡೂ ಬದಿ ಪೂರ್ತಿ, ಲಾಕ್ ಪ್ಲೇಟ್, ಬ್ರೀಚ್, ಮರದ ಮೇಲಿನ ಮುದ್ರೆ, ಪಕ್ಕದಲ್ಲಿ ಅಳತೆ ಪಟ್ಟಿ. ಮನೆಯಲ್ಲಿ ಸಿಕ್ಕ ಸಂದರ್ಭಕ್ಕೆ ಇಬ್ಬರು ಹಿರಿಯರ ಸಹಿ. ಆಮೇಲೆ ವಕೀಲರ ಮೂಲಕ ಆ ಊರಿನ ಠಾಣೆಗೆ ಲಿಖಿತ ಮಾಹಿತಿ, ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ. ಬಸ್ಸಿನಲ್ಲೋ ಬೈಕಿನಲ್ಲೋ ಹೊತ್ತುಕೊಂಡು ಹೋಗಬೇಡಿ. ಅವರೇ ಬಂದು ಒಯ್ಯಲಿ, ಇಲ್ಲವೇ ತರಲು ಬರೆದು ಕೊಡಲಿ. ಠೇವಣಿ ಇಟ್ಟ ರಸೀದಿಯಲ್ಲಿ ಬರೀ "ಹಳೆಯ ಬಂದೂಕು ಒಂದು" ಎಂದು ಬರೆಸಿಕೊಂಡರೆ ಮುಂದೆ ಬಿಡಿಸಿಕೊಳ್ಳುವಾಗ ಯಾವುದು ನಿಮ್ಮದು ಎನ್ನುವುದೇ ಜಗಳ. ಉದ್ದ, ಗುರುತು, ವರ್ಷ ಎಲ್ಲ ಅದರಲ್ಲಿ ಇರಬೇಕು.

ಹಳೇ ಪೆಟ್ಟಿಗೆಗಳನ್ನೂ ಹುಡುಕಿ. ನಮ್ಮ ಭಾಗ 1948ರವರೆಗೆ ನಿಜಾಮರದು, ಕಚೇರಿ ಭಾಷೆ ಉರ್ದು. ಉರ್ದುವಿನಲ್ಲಿರುವ ಯಾವ ಹಾಳೆಯನ್ನೂ ರದ್ದಿಗೆ ಹಾಕಬೇಡಿ. ಅಜ್ಜನ ಹೆಸರಿನ ಪರವಾನಗಿ ಅದರಲ್ಲಿ ಸಿಕ್ಕರೆ ವಂಶಪಾರಂಪರ್ಯದ ಅರ್ಜಿಗೆ ಅದಕ್ಕಿಂತ ದೊಡ್ಡ ಆಧಾರ ಇಲ್ಲ. ಅನುವಾದ ಮಾಡಿಸಿ ದೃಢೀಕರಿಸಿ ಲಗತ್ತಿಸಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಇದು ತಾಯಿಯ ತವರುಮನೆಯದು, ಅಂದರೆ ಸೋದರಮಾವಂದಿರ ಸಹಿ ಇಲ್ಲದೆ ಅರ್ಜಿ ಮುಂದೆ ಹೋಗದು.

ಲೈಸೆನ್ಸ್ ಸಿಕ್ಕರೆ ಅದು 5 ವರ್ಷದ್ದು. ಒಬ್ಬರ ಹೆಸರಲ್ಲಿ ಇರಬಹುದಾದ ಬಂದೂಕು ಈಗ ಎರಡೇ, ಮೊದಲು ಮೂರಿತ್ತು. ಚುನಾವಣೆ ಬಂದಾಗ ಠಾಣೆಯಲ್ಲಿ ಇಡಿ ಎಂಬ ಆದೇಶ ಬರುತ್ತದೆ, ಇದು ಗೋಡೆಗೆ ನೇತುಹಾಕುವ ವಸ್ತು ಎಂದರೆ ಕೇಳುವುದಿಲ್ಲ. ಮಾರುವ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರುತ್ತದೆ, ನೂರು ವರ್ಷ ದಾಟಿದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲೈಸೆನ್ಸಿನ ತಂಟೆಯೇ ಬೇಡ ಎನ್ನುವವರು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಡುವ ಇಚ್ಛೆಯನ್ನು ಅದೇ ಪತ್ರದಲ್ಲಿ ಬರೆಯಬಹುದು.

ವಾಡೆಮನಿ

ಭಾಳ ಉಪಕಾರ ಆತ್ರಿ. ಕೋಲು ಬಿಟ್ಟು ನೋಡ್ದೆ, ತುದಿ ಮುಚ್ಚಳಕ್ಕ ಬರಾಬರ್ ಮುಟ್ಟದ, ಒಳಗ ಏನೂ ಇಲ್ಲ. ನಳಿಗೆ 92.5 ಬಂತು. ಬ್ರೀಚ್ ಮ್ಯಾಲ ರೋಮನ್ ಎರಡು, ಎರಡು ಚುಕ್ಕಿ ಅವ. ಗುಂಡಿ ಇಲ್ಲ.

ಬೀದರ್‌ದಾಗ ಇರೂ ನಮ್ಮ ಮಾವ ಹೇಳ್ತಾರ, ತುಕ್ಕು ಎಲ್ಲ ಪಾಲಿಶ್ ಪೇಪರ್‌ದಿಂದ ತಿಕ್ಕಿ, ಬಿದ್ರಿ ಸಾಮಾನಿಗೆ ಹಚ್ಚೂ ಮಣ್ಣು ಹಚ್ಚಿದ್ರ ನಳಿಗೆ ಕರ್ರಗ ಮಿಂಚ್ತದ ಅಂತ. ಮಾಡಬಹುದಾ? ಮತ್ತ 12 ಬೋರ್ ಕಾಡತೂಸು ಇದಕ್ಕ ಕೂಡತದ ಅಂತ ಒಬ್ಬರು ಅಂದ್ರು.

ಮೂರು_ಪಟ್ಟಿ

ಚುಕ್ಕಿಯಲ್ಲ, ನಕ್ಷತ್ರ ಇರಬೇಕು. ಹಾಗಿದ್ದರೆ ಮಾರ್ಕ್ 2, ಎರಡು ನಕ್ಷತ್ರ. ಪರಿವರ್ತಿತ ಬಂದೂಕೇ.

ಬಿದ್ರಿ ಮಣ್ಣು ಮಾತ್ರ ಖಂಡಿತ ಬೇಡ. ಬಿದ್ರಿ ಪಾತ್ರೆ ಸತು ಮತ್ತು ತಾಮ್ರದ ಮಿಶ್ರಲೋಹ. ಕೋಟೆಯ ಮಣ್ಣಿನ ಜೊತೆ ನವಸಾಗರ ಕಲಸಿ ಹಚ್ಚಿದಾಗ ಆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಬ್ಬಿಣಕ್ಕೆ ಅದೇ ನವಸಾಗರ ವಿಷ. ಅದರ ಕ್ಲೋರೈಡ್ ತುಕ್ಕಿನ ಗುಳಿಗಳೊಳಗೆ ಇಳಿದು ಕೂತರೆ ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಪ್ರತಿ ಮಳೆಗಾಲ ಒಳಗಿಂದ ಹೊಸ ತುಕ್ಕು ಏಳುತ್ತದೆ.

ಪಾಲಿಶ್ ಪೇಪರ್, ಗ್ರೈಂಡರಿನ ತಂತಿ ಚಕ್ರ, ಅಂಗಡಿಯ ಆಸಿಡ್ ತುಕ್ಕುನಾಶಕ, ಮೂರೂ ಬೇಡ. ಮುದ್ರೆಗಳು ಕೂದಲೆಳೆ ಆಳದವು, ಎರಡು ಸಲ ತಿಕ್ಕಿದರೆ ಅಳಿಸುತ್ತವೆ. ಮುದ್ರೆ ಅಳಿದ ಸ್ನೈಡರ್ ಬರೀ ಕಬ್ಬಿಣದ ತೂಕ.

ಮತ್ತೊಂದು: ಮೇಲೆ ಕಡತದವರು ಹೇಳಿದ ಕಾಗದದ ಕೆಲಸ ಮುಗಿಯುವವರೆಗೆ ಮುಚ್ಚಳ ಬಿಡಿಸಬೇಡಿ. ದುರಸ್ತಿಗೂ 5ನೇ ಕಲಮಿನಡಿ ಲೈಸೆನ್ಸ್ ಇರುವ ಬಂದೂಕು ಮಿಸ್ತ್ರಿಯೇ ಬೇಕು. ನೀವೇ ಬಿಡಿಸಿದರೆ ಪರೀಕ್ಷೆಯಲ್ಲಿ "ಚಾಲೂ ಇದೆ" ಎಂದು ಬರೆಸಿಕೊಂಡಂತೆ. ಹಾಗಂತ ವೆಲ್ಡಿಂಗ್ ಮಾಡಿಸಿ ಕೆಡಿಸಲೂ ಹೋಗಬೇಡಿ, ಅದು ಇನ್ನೊಂದು ತಂಟೆ. ಠಾಣೆಗೆ ಕೊಡುವ ಮುನ್ನ ಮಾಡಬಹುದಾದದ್ದು ಒಂದೇ, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು ಕಬ್ಬಿಣದ ಮೇಲೆ ಹೊಲಿಗೆ ಮಷಿನ್ ಎಣ್ಣೆಯ ತೆಳು ಕೈ.

ಬಂದೂಕು ಕಾನೂನುಬದ್ಧವಾಗಿ ಮನೆಗೆ ಬಂದಮೇಲೆ ಹೀಗೆ ಮಾಡಿ. ಕೆಂಪಗೆ ಪುಡಿ ಉದುರುವ ತುಕ್ಕಷ್ಟೇ ತೆಗೆಯಬೇಕಾದದ್ದು, ಗಟ್ಟಿ ಕಂದು ಪದರ ಲೋಹವನ್ನು ಕಾಯುತ್ತದೆ, ಅದನ್ನು ಬಿಡಿ. ಎಣ್ಣೆ ಹಚ್ಚಿ ಒಂದು ದಿನ ನೆನೆಯಲು ಬಿಟ್ಟು, ನಾಲ್ಕು ಸೊನ್ನೆಯ (0000, ಅತಿ ನಯದ) ಉಕ್ಕಿನ ನಾರಿಗೂ ಎಣ್ಣೆ ಹಚ್ಚಿ, ಕೈ ಭಾರ ಹಾಕದೆ ಒಂದೇ ದಿಕ್ಕಿಗೆ ಉಜ್ಜಿ, ಹಳೇ ಧೋತರದ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಹತ್ತುವುದು ನಿಲ್ಲುವವರೆಗೆ ಇದೇ ಕೆಲಸ. ಮುದ್ರೆಗಳ ಮೇಲೆ ನಾರು ಬೇಡ, ಬಿದಿರಿನ ಕಡ್ಡಿಯ ತುದಿ ಸಾಕು. ನಳಿಗೆಯೊಳಗೆ ಹಿತ್ತಾಳೆ ಅಥವಾ ಕಂಚಿನ ಬ್ರಷ್, ಅದೂ 14 ಮಿ.ಮೀ.ಗೆ ಸರಿಹೊಂದುವಂಥದ್ದು. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತೊಳೆಯಬೇಡಿ, ಹುಳಿ ನೀರು ಮರದ ಸಂದಿಗೆ ಇಳಿದು ಸ್ಕ್ರೂಗಳನ್ನು ತಿನ್ನುತ್ತದೆ.

ಸ್ಕ್ರೂ ಬಿಚ್ಚುವ ಆಸೆ ಬಂದರೆ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ನೇರ ಹಾಕಬೇಡಿ. ಅದರ ತುದಿ ಆಪಿನಂತೆ ಇಳಿಜಾರು, ಹಳೇ ಸ್ಕ್ರೂವಿನ ತಲೆಯ ಸೀಳು ಕಿರಿದು, ಎರಡೂ ಬದಿ ಸಮ. ತುದಿಯನ್ನು ಉಜ್ಜಿ ಸೀಳಿಗೆ ಬಿಗಿಯಾಗಿ ಕೂರುವಂತೆ ಮಾಡಿಕೊಳ್ಳದಿದ್ದರೆ ಜಾರಿ ತಲೆ ಹರಿಯುತ್ತದೆ. ಲಾಕಿನೊಳಗಿನ ಮುಖ್ಯ ಸ್ಪ್ರಿಂಗ್ ಚಪ್ಪಟೆ ಉಕ್ಕಿನದು, ಅದಕ್ಕೆ ಬೇರೆ ಬಿಗಿಪಟ್ಟು ಬೇಕು, ಇಕ್ಕಳ ಹಾಕಿದರೆ ಮುರಿಯುತ್ತದೆ. ಖಾಲಿ ಹ್ಯಾಮರ್ ಹೊಡೆಸುವುದೂ ಬೇಡ. ಏಟು ಮೊದಲು ಬೀಳುವುದು ಮುಚ್ಚಳದ ಮೇಲಿನ ನಿಪ್ಪಲ್ (ಮೊಳೆಯಂಥ ಪುಟ್ಟ ತುದಿ) ಮೇಲೆ, ಅಲ್ಲಿಂದ ಒಳಗಿನ ಓರೆ ಪಿನ್ನಿಗೆ. ಒಡೆಯುವುದೂ ಇವೆರಡೇ.

ಮರಕ್ಕೆ ವಾರ್ನಿಶ್, ಟಚ್‌ವುಡ್ ಯಾವುದೂ ಬೇಡ. ಅದು ಅಕ್ರೋಟ್ ಮರ, ಬ್ರಿಟಿಷರು ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಗಾಣದ ಹಸಿ ಅಗಸೆ ಎಣ್ಣೆ ನಮ್ಮ ಕಡೆ ಸಿಗುತ್ತದೆ. ನಾಲ್ಕೈದು ಹನಿ ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿ ಮರಕ್ಕೆ ಸವರಿ, ಅರ್ಧ ಗಂಟೆಗೆ ಒರೆಸಿ, ಒಣಗಲು ವಾರ ಬಿಡಿ. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಾಗಿ ಧೂಳು ಹಿಡಿಯುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯಲ್ಲಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೇಳುವುದೇ ಬೇಡ. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಅದ್ದಿಡಿ.

ಕರಿಮದ್ದು

12 ಬೋರ್ ಕೂಡುವುದಿಲ್ಲ. ಅದರ ನಳಿಗೆಯೇ .729 ಇಂಚು, ಇದರದು .577. ಕೊರೆದು ದೊಡ್ಡದು ಮಾಡಿಕೊಡುತ್ತೇನೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹಳೇ ಮೆತು ಕಬ್ಬಿಣದ ನಳಿಗೆಯ ಗೋಡೆ ತೆಳುವಾಗಿ ಮುಖದ ಪಕ್ಕದಲ್ಲೇ ಒಡೆಯುತ್ತದೆ.

ಹಾರಿಸುವ ಮಾತು ನಮ್ಮಲ್ಲಿ ಇಲ್ಲವೆಂದೇ ತಿಳಿಯಿರಿ. ಕಾಡತೂಸು ತಯಾರಿಕೆಗೂ ಅದೇ 5ನೇ ಕಲಮಿನ ಲೈಸೆನ್ಸ್ ಬೇಕು, ಮನೆಯಲ್ಲಿ ತುಂಬಿಕೊಳ್ಳುವಂತಿಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಹಾರಿಸುವವರು ಹೇಗೆ ಮಾಡುತ್ತಾರೆ ಎಂದರೆ, ಮೊದಲು ಮಿಸ್ತ್ರಿಯಿಂದ ಪರೀಕ್ಷೆ. ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹ ಸುರಿದು ಕಾಡತೂಸಿನ ಮನೆಯ ಅಚ್ಚು ತೆಗೆದು ಅಳೆಯುತ್ತಾರೆ, ಮುಚ್ಚಳ ಮುಚ್ಚಿದಾಗ ಹಿಂದೆ ಎಷ್ಟು ಸಂದಿ ಉಳಿಯುತ್ತದೆ ನೋಡುತ್ತಾರೆ. ಸಂದಿ ಹೆಚ್ಚಿದ್ದರೆ ಕಾಡತೂಸಿನ ಹಿತ್ತಾಳೆ ಕೇಸು ಹಿಂಭಾಗದಲ್ಲಿ ಹರಿದು ಬಿಸಿ ಗಾಳಿ ಮುಖಕ್ಕೆ ಬರುತ್ತದೆ. ಮಾರ್ಕ್ 2ರಲ್ಲಿ ಚಿಲಕವೂ ಇಲ್ಲ, ಅದಕ್ಕೇ ಹಾರಿಸುವವರ ಆಯ್ಕೆ ಮಾರ್ಕ್ 3. ಹಿತ್ತಾಳೆ ಕೇಸನ್ನು 24 ಗೇಜ್ ಶಾಟ್‌ಗನ್ನಿನದರಿಂದ ತಿದ್ದಿ ಮಾಡಿಕೊಳ್ಳುತ್ತಾರೆ. ಮೂಲ ಸೈನ್ಯದ ಕಾಡತೂಸಿನಲ್ಲಿ ಇದ್ದದ್ದು 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಕರಿಮದ್ದು, 480 ಗ್ರೇನಿನ ಸೀಸದ ಗುಂಡು. ಇವತ್ತಿನ ಹೊಗೆಯಿಲ್ಲದ ಮದ್ದನ್ನು ಈ ಬ್ರೀಚಿಗೆ ಯಾರೂ ಹಾಕುವುದಿಲ್ಲ, ಒತ್ತಡ ಏರುವ ರೀತಿಯೇ ಬೇರೆ.

ಹಾರಿಸಿದ ದಿನವೇ ಬಿಸಿ ನೀರಲ್ಲಿ ನಳಿಗೆ ತೊಳೆಯಬೇಕು. ಕರಿಮದ್ದಿನ ಮಸಿ ಉಪ್ಪಿನಂತೆ ತೇವ ಎಳೆಯುತ್ತದೆ, ಬರೀ ಎಣ್ಣೆ ಸವರಿದರೆ ಅದು ಕೆಳಗೇ ಉಳಿದು ರಾತ್ರಿ ಕಳೆಯುವುದರೊಳಗೆ ತುಕ್ಕು ತರಿಸುತ್ತದೆ. ಈಗ ಸಿಗುವ ಬಹುತೇಕ ಸ್ನೈಡರ್‌ಗಳ ನಳಿಗೆ ಒಳಗೆ ಗುಳಿಬಿದ್ದಿರುವುದು ಇದರಿಂದಲೇ, ಯುದ್ಧದಿಂದಲ್ಲ.

ಆಳಂದ_ರಸ್ತೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಲಬುರಗಿಯಲ್ಲಿ ಪರಿಚಿತರ ಮನೆಯಲ್ಲಿ ಲೈಸೆನ್ಸ್ ಇರುವ ಬಂದೂಕಿದೆ. ಹ್ಯಾಮರ್ ಇಲ್ಲ, ಟ್ರಿಗರ್ ಹಿಂದೆ ಕೆಳಗೆ ಲೀವರ್. ಇದೂ ಅದೇ ಕಾಲದ್ದಾ?

ಮೂರು_ಪಟ್ಟಿ

ಅದು ಮಾರ್ಟಿನಿ, ಸ್ನೈಡರ್ ನಂತರದ್ದು, 1871ರಿಂದ. ಲೀವರ್ ಒತ್ತಿದರೆ ಒಳಗಿನ ಬ್ಲಾಕ್ ಕೆಳಗಿಳಿದು ಕಾಡತೂಸಿನ ಮನೆ ತೆರೆಯುತ್ತದೆ. ಬಲಬದಿಯಲ್ಲಿ ಕಣ್ಣೀರ ಹನಿಯಾಕಾರದ ಸಣ್ಣ ಕಡ್ಡಿ ಇರುತ್ತದೆ, ಸ್ಪ್ರಿಂಗ್ ಎಳೆದು ಕೂತಿದೆಯೋ ಇಲ್ಲವೋ ಎಂದು ತೋರಿಸುವುದು ಅದು. ಅದೇ ಬದಿಯಲ್ಲಿ ಕಿರೀಟ, ವರ್ಷ, ಮಾರ್ಕ್. ಉದ್ದ ಲೀವರ್ ಆದರೆ 1888ರ ಮಾರ್ಕ್ 4 ಇರಬಹುದು.

ಬಾಯಿ ಅಳೆಯುವುದು ಮುಖ್ಯ. 11.4 ಮಿ.ಮೀ. ಬಂದರೆ ಮಾರ್ಟಿನಿ-ಹೆನ್ರಿ. 7.7 ಬಂದರೆ .303ಕ್ಕೆ ಬದಲಿಸಿದ ಮಾರ್ಟಿನಿ-ಎನ್‌ಫೀಲ್ಡ್, .303 ನಮ್ಮಲ್ಲಿ ನಿಷೇಧಿತ ಬೋರ್. ಲೈಸೆನ್ಸಿನಲ್ಲಿ ಬರೆದ ಬೋರ್ ಮತ್ತು ನಿಜವಾದ ಬೋರ್ ಒಂದೇ ಇದೆಯೇ ಎಂದು ಅವರು ನೋಡಿಕೊಳ್ಳಲಿ. ಹೊರಗಿಂದ ಮಾರ್ಟಿನಿಯಂತೆಯೇ ಕಂಡು ನೇಪಾಳಿ ಅಕ್ಷರ ಇದ್ದರೆ ಅದು ನೇಪಾಳದ ಗಹೇಂದ್ರ, ಒಳಗಿನ ರಚನೆ ಬೇರೆ, ಮಾರ್ಟಿನಿ ಬಿಡಿಭಾಗ ಕೂಡುವುದಿಲ್ಲ.

ಕಡತ_ಯಾದಗಿರಿ

ವಾಡೆಮನಿಯವರೇ, ಠಾಣೆಯ ಪತ್ರದಲ್ಲಿ ವಿವರ ಹೀಗೆ ಬರೆಯಿರಿ: "ಒಂಟಿ ನಳಿಗೆಯ, ಹಿಂಭಾಗದಿಂದ ತುಂಬುವ, ಒಂದೇ ಗುಂಡಿನ ಸ್ನೈಡರ್-ಎನ್‌ಫೀಲ್ಡ್ ಮಾದರಿ ಬಂದೂಕು. ಬೋರ್ ಅಂದಾಜು .577. ಒಟ್ಟು ಉದ್ದ 137 ಸೆಂ.ಮೀ., ನಳಿಗೆ 92.5 ಸೆಂ.ಮೀ. ಲಾಕ್ ಪ್ಲೇಟ್ ಮೇಲೆ ಕಿರೀಟ, ವಿ.ಆರ್., 1858, ಟವರ್. ಬ್ರೀಚ್ ಮುಚ್ಚಳ ತುಕ್ಕು ಹಿಡಿದು ಪೂರ್ತಿ ತೆರೆಯುತ್ತಿಲ್ಲ. ಕಾಡತೂಸು ಇಲ್ಲ. ಮನೆ ಕೆಡವುವಾಗ ಅಟ್ಟದಲ್ಲಿ ಸಿಕ್ಕಿದ್ದು." ಸಿಕ್ಕ ದಿನಾಂಕ ಹಾಕಿ. ಬಂಡಾಯದ ಕಥೆ, ರಾಜರ ಹೆಸರು ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ಠಾಣೆಯ ಸೀಲು, ಸ್ವೀಕೃತಿ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ನಾಳೆ ಬನ್ನಿ ಎಂದರೆ ಅವತ್ತೇ ಸ್ಪೀಡ್ ಪೋಸ್ಟ್‌ಗೆ ಹಾಕಿ, ಅಂಚೆ ರಸೀದಿಯನ್ನು ಪ್ರತಿಗೆ ಪಿನ್ ಮಾಡಿ ಇಡಿ.